ಓಡಿದ ಕಾರನ್ನು ಹೊಸದು ಮಾಡಬೇಡಿ
ಹುಳಿಯಾರು ಸೀಮೆಯ ಗ್ಯಾರೇಜು ಮೇಸ್ತ್ರಿಗಳಿಗೆ ಒಂದು ಬಹಿರಂಗ ಪತ್ರ

ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯ ಗ್ಯಾರೇಜು ಮೇಸ್ತ್ರಿಗಳಿಗೆ, ಟಿಂಕರಿಂಗ್, ಪೇಂಟಿಂಗ್, ವೆಲ್ಡಿಂಗ್, ಲೇತ್ ಮತ್ತು ಕುಶನ್ ಕೆಲಸದ ಅಣ್ಣತಮ್ಮಂದಿರಿಗೆ, ನಿಮ್ಮ ಕೈಕೆಳಗೆ ಸ್ಪ್ಯಾನರ್ ಹಿಡಿದು ಕಲಿಯುತ್ತಿರುವ ಹುಡುಗರಿಗೆ:

ನಮ್ಮೂರು ಹುಳಿಯಾರು ಎರಡು ಹೆದ್ದಾರಿಗಳು ಕೂಡುವ ಜಾಗ. ಬಳ್ಳಾರಿ, ಹಿರಿಯೂರು ಕಡೆಯಿಂದ ಇಳಿದು ನಾಗಮಂಗಲ, ಮೈಸೂರಿಗೆ ಹೋಗುವ 150ಎ ಇಲ್ಲೇ ಹಾಯುತ್ತದೆ. ಬಾಣಾವರದಿಂದ ಬುಕ್ಕಾಪಟ್ಟಣ, ಶಿರಾ ದಾಟಿ ಮಧುಗಿರಿಗೆ ಹೋಗುವ 69 ಕೂಡ ಇಲ್ಲೇ. ಈ ನಾಲ್ಕು ದಿಕ್ಕಿನಲ್ಲಿ ಯಾವ ಗಾಡಿ ಕೆಟ್ಟು ನಿಂತರೂ ನಿಮ್ಮ ಶೆಡ್ಡಿಗೆ ಬರಬೇಕು. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹೊತ್ತ ಲಾರಿ, ರಾಗಿ ಒಕ್ಕಣೆಗೆ ಹೊರಟ ಟ್ರ್ಯಾಕ್ಟರು, ತೋಟದ ಪಂಪಿನ ಡೀಸೆಲ್ ಎಂಜಿನ್ನು, ಮದುವೆಗೆ ಹೊರಟ ಟೆಂಪೊ, ಎಲ್ಲವನ್ನೂ ಎಬ್ಬಿಸಿ ಕಳಿಸುವವರು ನೀವು. ಬೆಳಿಗ್ಗೆ ಬಂದದ್ದು ಸಂಜೆಗೆ ರಸ್ತೆಗಿಳಿಯಬೇಕು, ಸಿಕ್ಕ ಪಾರ್ಟಿನಲ್ಲಿ ಕೆಲಸ ಆಗಬೇಕು ಎನ್ನುವುದು ನಿಮ್ಮ ಕಸುಬಿನ ನಿಯಮ. ಆ ನಿಯಮದ ಮೇಲೆ ಈ ಸೀಮೆಯ ಬದುಕು ನಡೆಯುತ್ತಿದೆ. ಅದನ್ನು ಬದಲಿಸಿ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ.

ಒಂದೇ ಒಂದು ಬಗೆಯ ಗಾಡಿಗೆ ಮಾತ್ರ ಆ ನಿಯಮವನ್ನು ಬದಿಗಿಡಿ ಎಂದು ಕೇಳುತ್ತಿದ್ದೇನೆ. ಒಂದು ಕಾಲಕ್ಕೆ ರೇಸಿನಲ್ಲೋ ರ್‍ಯಾಲಿಯಲ್ಲೋ ಓಡಿ, ಈಗ ಯಾವುದೋ ತೋಟದ ಶೆಡ್ಡಿನಲ್ಲಿ, ತೆಂಗಿನ ಮಟ್ಟೆಯ ರಾಶಿಯ ಹಿಂದೆ, ಟೈರು ಇಳಿದು ಕೂತ ಹಳೇ ಕಾರಿಗೆ. ಅಂಥ ಕಾರನ್ನು ಮೊದಲಿನ ಸ್ಥಿತಿಗೆ ತರುವ ಕೆಲಸ ನಿಮ್ಮ ಕೈಗೆ ಬಂದಾಗ ದಯವಿಟ್ಟು ಅದನ್ನು ಹೊಸದು ಮಾಡಬೇಡಿ. ಬಿಚ್ಚುವುದಕ್ಕೆ ಮುಂಚೆ ಬರೆದಿಡಿ. ತೆಗೆದದ್ದನ್ನು ಎಸೆಯಬೇಡಿ. ಪತ್ರದ ತಿರುಳು ಇಷ್ಟೇ. ಮುಂದಿನದು ಅದಕ್ಕೆ ಕಾರಣ.

ನಮ್ಮ ನಾಡಿನದೇ ಕಾರಿನ ಮಾತಿನಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಹಿರಿಯರಿಗೆ ಡಾಲ್ಫಿನ್ ನೆನಪಿರುತ್ತದೆ. ಬೆಂಗಳೂರಿನ ಸಿಪಾನಿ ಕಂಪನಿ ಅದಕ್ಕೂ ಮುಂಚೆ ಬಾದಲ್ ಎಂಬ ಮೂರು ಚಕ್ರದ ಪುಟ್ಟ ಗಾಡಿ ಮಾಡುತ್ತಿತ್ತು. ಆಮೇಲೆ 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ವಿನ್ಯಾಸ ತಂದು ಡಾಲ್ಫಿನ್ ಹೊರಡಿಸಿತು. ಎರಡು ಬಾಗಿಲು, ಉಕ್ಕಿನ ಚಾಸಿ, ಅದರ ಮೇಲೆ ಫೈಬರ್ ಬಾಡಿ, ಮುಂದೆ 848 ಸಿಸಿಯ ಅಲ್ಯೂಮಿನಿಯಂ ಎಂಜಿನ್ನು, ಎಳೆತ ಹಿಂದಿನ ಚಕ್ರಕ್ಕೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೇ ಕಾರು ಎನ್ನುವ ಕಾಲದಲ್ಲಿ ಅವುಗಳ ಪಕ್ಕ ಇದು ಬಹಳ ಹಗುರ. ಪೇಟೆಯಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಜನ ಅತ್ತ ಹೋದರು. ಕಂಪನಿ ನಾಲ್ಕು ಬಾಗಿಲಿನ ಮೊಂಟಾನಾ ತಂದು ನೋಡಿತು. ಕೊನೆಗೆ 90ರ ದಶಕದಲ್ಲಿ ಬಾಗಿಲು ಹಾಕಿತು.

ಆದರೆ ರೇಸ್ ಓಡಿಸುವವರು ಡಾಲ್ಫಿನ್ ಬಿಡಲಿಲ್ಲ. ಹಗುರ ಮೈ, ಹಿಂದಿನ ಚಕ್ರದ ಎಳೆತ, ಪೆಟ್ಟು ಬಿದ್ದರೆ ರೆಸಿನ್ನು ಮತ್ತು ಮ್ಯಾಟ್ ಹಾಕಿ ರಾತ್ರಿಯೊಳಗೆ ಕೂಡಿಸಬಹುದಾದ ಫೈಬರ್ ಬಾಡಿ, ಇಷ್ಟು ಅವರಿಗೆ ಸಾಕಾಗಿತ್ತು. ರ್‍ಯಾಲಿಗಳಲ್ಲೂ ಟ್ರ್ಯಾಕಿನಲ್ಲೂ ಅದು ಹೆಸರು ಮಾಡಿತು. ಆಗ ದಕ್ಷಿಣ ಭಾರತದ ರೇಸಿಗೆ ದೊಡ್ಡ ಜಾಗ ಎಂದರೆ ಚೆನ್ನೈ ಹತ್ತಿರದ ಶೋಳಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನ ಇಳಿದಾಣ ಅದು. ವಿಮಾನಕ್ಕೆ ಹಾಕಿದ ಕಾಂಕ್ರೀಟಿನ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ರೇಸ್ ನಡೆಸುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಸರಿಯಾದ ಟ್ರ್ಯಾಕ್ ಬಂದ ಮೇಲೆ ಶೋಳಾವರಂ ಕಾಲ ಮುಗಿಯಿತು. ನಮ್ಮ ಕಡೆ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ ಇತ್ತು, ಈಗಲೂ ಇದೆ. ಈಚಿನ ವರ್ಷಗಳಲ್ಲಿ ಅದು ನಮ್ಮ ತುಮಕೂರು ಜಿಲ್ಲೆಯ ಮಣ್ಣಿನ ದಾರಿಯಲ್ಲೂ ಓಡಿದೆ.

ಇಟಲಿ, ಜರ್ಮನಿ, ಇಂಗ್ಲೆಂಡಿನ ರೇಸ್ ಕಾರುಗಳಿಗೆ ಮ್ಯೂಸಿಯಮ್ಮುಗಳಿವೆ, ಪುಸ್ತಕಗಳಿವೆ, ಕಂಪನಿಯ ದಾಖಲೆ ಕೋಣೆಗಳಿವೆ. ನಮ್ಮ ಡಾಲ್ಫಿನ್ನಿಗೆ, ಕೊಯಮತ್ತೂರಿನ ಕರಿವರ್ಧನ್ ಫೈಬರ್ ಮೈ ಹೊದಿಸಿ ಕಟ್ಟಿದ ರೇಸ್ ಕಾರುಗಳಿಗೆ, 80ರ ದಶಕದ ಕೊನೆಯ, ಒಂದೇ ಸೀಟಿನ ಫಾರ್ಮುಲಾ ಮಾರುತಿ ರೇಸ್ ಕಾರುಗಳಿಗೆ ಅಂಥ ಆಸರೆ ಇಲ್ಲ. ಸಿಪಾನಿ ಕಾರ್ಖಾನೆಯೇ ಇಲ್ಲದ ಮೇಲೆ ಡಾಲ್ಫಿನ್ನಿನ ಚರಿತ್ರೆ ಉಳಿದಿರುವುದು ಆ ಕಾರುಗಳ ಮೈಮೇಲೆ ಮಾತ್ರ. ಚಾಸಿಯಲ್ಲಿ ಕೊರೆದ ರಂಧ್ರ, ಯಾರೋ ಮೇಸ್ತ್ರಿ ಕೈಯಲ್ಲಿ ಬಾಗಿಸಿದ ಬ್ರಾಕೆಟ್ಟು, ಬಾನೆಟ್ಟಿನ ಒಳಮೈಯಲ್ಲಿ ಹಚ್ಚಿದ ಮ್ಯಾಟಿನ ತೇಪೆ, ಬಾಗಿಲಿನ ಬಣ್ಣದ ಕೆಳಗೆ ಮುಚ್ಚಿಹೋದ ರೇಸ್ ನಂಬರು, ಇವೇ ಅದರ ದಾಖಲೆ. ಸ್ಯಾಂಡ್ ಪೇಪರ್ ಹಿಡಿದು ಒಂದು ಮಧ್ಯಾಹ್ನ ಕೂತರೆ ಅಷ್ಟೂ ಅಳಿಸಿಹೋಗುತ್ತದೆ. ಅಳಿಸಿದವರಿಗೆ ತಾವು ಅಳಿಸಿದ್ದು ಏನು ಎನ್ನುವುದೂ ತಿಳಿಯುವುದಿಲ್ಲ.

"ಮೂಲ ಸ್ಥಿತಿಗೆ ತನ್ನಿ" ಎಂದು ಮಾಲೀಕರು ಹೇಳುತ್ತಾರೆ. ಮನೆಬಳಕೆಯ ಕಾರಾದರೆ ಅದಕ್ಕೆ ಉತ್ತರ ಸುಲಭ, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ. ರೇಸ್ ಕಾರಿಗೆ ಹಾಗಲ್ಲ. ಪ್ರತಿ ರೇಸಿಗೂ ಅದರಲ್ಲಿ ಏನಾದರೂ ಬದಲಾಗುತ್ತದೆ. ಈ ವಾರ ಕಾರ್ಬ್ಯುರೇಟರ್ ಬೇರೆ, ಮುಂದಿನ ತಿಂಗಳು ಎಂಜಿನ್ನೇ ಬೇರೆ, ಅಪಘಾತವಾದರೆ ಅರ್ಧ ಬಾಡಿ ಬೇರೆ. ಹಾಗಾದರೆ ಮೂಲ ಸ್ಥಿತಿ ಎಂದರೆ ಯಾವ ದಿನದ ಸ್ಥಿತಿ?

ಈ ಪ್ರಶ್ನೆ ಒಮ್ಮೆ ಇಂಗ್ಲೆಂಡಿನ ಕೋರ್ಟಿನ ತನಕ ಹೋಯಿತು. ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್ ಕಾರೊಂದಕ್ಕೆ ಓಲ್ಡ್ ನಂಬರ್ ಒನ್ ಎಂದು ಹೆಸರು. ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು ಅದು 1929ರಲ್ಲೂ 1930ರಲ್ಲೂ ಗೆದ್ದಿತು. ಎರಡು ಸಲವೂ ವುಲ್ಫ್ ಬಾರ್ನಾಟೊ ಓಡಿಸಿದ್ದ. ಅಲ್ಲಿಗೆ ಕಾರಿನ ಬದುಕು ಮುಗಿಯಲಿಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಮತ್ತೆ ಮತ್ತೆ ಓಡಿತು, ಅದಕ್ಕಾಗಿ ಅದರ ಚಾಸಿ, ಬಾಡಿ, ಬಿಡಿಭಾಗಗಳು ಬದಲಾದವು, 1932ರ ಹೊತ್ತಿಗೆ 8 ಲೀಟರಿನ ದೊಡ್ಡ ಎಂಜಿನ್ನೂ ಬಂತು. ಅದೇ ವರ್ಷ ಆ ಟ್ರ್ಯಾಕಿನಲ್ಲಿ ಕ್ಲೈವ್ ಡನ್‌ಫೀ ಎಂಬ ಚಾಲಕ ಅದರಲ್ಲೇ ಪ್ರಾಣ ಬಿಟ್ಟ. ಆಮೇಲೆ ಮತ್ತೆ ಕಟ್ಟಿದರು. ದಶಕಗಳಾದ ಮೇಲೆ ಒಬ್ಬರು ಅದನ್ನು ದುರಸ್ತಿ ಮಾಡಿಸಿ ಕೋಟಿ ಪೌಂಡಿನ ಲೆಕ್ಕದಲ್ಲಿ ಮಾರಲು ಹೊರಟಾಗ, ಕೊಳ್ಳುವವರು "ಇದು ಆ ಕಾರೇ ಅಲ್ಲ, ಲ ಮಾನ್ ಗೆದ್ದ ಕಾರಿನ ಭಾಗಗಳು ಇದರಲ್ಲಿ ಹೆಚ್ಚೇನೂ ಉಳಿದಿಲ್ಲ" ಎಂದು ತಕರಾರು ತೆಗೆದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. ಭಾಗಗಳು ಬದಲಾಗಿರುವುದು ನಿಜ, ಆದರೂ ಇದು ಓಲ್ಡ್ ನಂಬರ್ ಒನ್ನೇ, ಏಕೆಂದರೆ ಆ ಹೆಸರಿಗೆ ಹಕ್ಕು ಹೇಳುವ ಇನ್ನೊಂದು ಕಾರಿಲ್ಲ ಮತ್ತು ಇದರ ಬದುಕು ಎಲ್ಲೂ ತುಂಡಾಗದೆ ಬಂದಿದೆ ಎಂದರು.

ಈ ತೀರ್ಪನ್ನು ನಾನು ನಿಮ್ಮ ಕಸುಬಿನ ಕಣ್ಣಿನಿಂದ ಓದುತ್ತೇನೆ. ಆ ಕಾರನ್ನು ಕೋರ್ಟಿನಲ್ಲಿ ಉಳಿಸಿದ್ದು ಅದರ ಕಬ್ಬಿಣವಲ್ಲ. ಯಾವ ವರ್ಷ ಯಾವ ಚಾಸಿ ಹಾಕಿದರು, ಯಾರು ಹಾಕಿದರು, ಯಾಕೆ ಹಾಕಿದರು ಎನ್ನುವುದು ಒಂದರ ಹಿಂದೆ ಒಂದು ಗೊತ್ತಿತ್ತು. ಅದು ಗೊತ್ತಿರದಿದ್ದರೆ ಅಷ್ಟೇ ಕಬ್ಬಿಣ, ಅಷ್ಟೇ ಎಂಜಿನ್ನು ಇದ್ದೂ ಅದು ಯಾವುದೋ ಹಳೇ ಭಾಗಗಳನ್ನು ಕೂಡಿಸಿದ ಗಾಡಿಯಾಗುತ್ತಿತ್ತು. ಇಂದಿಗೂ ಹಳೇ ರೇಸ್ ಕಾರುಗಳ ಅಂತರರಾಷ್ಟ್ರೀಯ ರೇಸಿನಲ್ಲಿ ಇದೇ ಲೆಕ್ಕ. ಆ ರೇಸುಗಳಿಗೆ ನಿಯಮ ಮಾಡುವ ಎಫ್‌ಐಎ ಸಂಸ್ಥೆಯ ಅಪೆಂಡಿಕ್ಸ್ ಕೆ ಎಂಬ ನಿಯಮದ ಪ್ರಕಾರ ಕಾರು ತನ್ನ ಕಾಲದಲ್ಲಿ ಯಾವ ರೂಪದಲ್ಲಿ ರೇಸ್ ಓಡಿತ್ತೋ ಆ ರೂಪದಲ್ಲೇ ಇರಬೇಕು, ಅದಕ್ಕೆ ಪುರಾವೆ ಬೇಕು, ಪುರಾವೆ ನೋಡಿ ಕಾರಿಗೊಂದು ತಾಂತ್ರಿಕ ಪಾಸ್‌ಪೋರ್ಟ್ ಕೊಡುತ್ತಾರೆ. ಹಾಗಾಗಿ ಮೂಲ ಸ್ಥಿತಿ ಎಂದರೆ ಪುರಾವೆ ಇರುವ ಒಂದು ಕಾಲವನ್ನು ಆರಿಸಿಕೊಂಡು ಅಲ್ಲಿಗೆ ಕಾರನ್ನು ಕೊಂಡೊಯ್ಯುವುದು. ಪುರಾವೆ ಎಲ್ಲಿ ನಿಲ್ಲುತ್ತದೋ ಅಲ್ಲಿ ನಮ್ಮ ಕೈಯೂ ನಿಲ್ಲಬೇಕು. ಊಹೆಯ ಮೇಲೆ ನಂಬರು ಬರೆಯಬಾರದು, ಚೆಂದಕ್ಕೆಂದು ಪಟ್ಟೆ ಎಳೆಯಬಾರದು.

ಇನ್ನು ಬಣ್ಣದ ಮಾತು. ಈ ವಿಷಯದಲ್ಲಿ ನಿಮಗೆ ಮಾಲೀಕರ ಒತ್ತಾಯ ಎಷ್ಟಿರುತ್ತದೆ ಎಂದು ಬಲ್ಲೆ. ಇಷ್ಟು ದುಡ್ಡು ಸುರಿದ ಮೇಲೆ ಕಾರು ಫಳಫಳ ಹೊಳೆಯಬೇಕು, ಊರಿನವರು ನೋಡಬೇಕು ಎಂದು ಅವರಿಗೆ ಆಸೆ. ಅವರಿಗೆ ಅಮೆರಿಕದ ಒಂದು ಕಾರಿನ ಕಥೆ ಹೇಳಿ. 1964ರಲ್ಲಿ ಶೆಲ್ಬಿ ಕಂಪನಿಯವರು ಕೋಬ್ರಾ ಡೇಟೋನಾ ಕೂಪೆ ಎಂಬ ರೇಸ್ ಕಾರು ಮಾಡಿದರು. ಒಟ್ಟು ಆರೇ ಆರು. ಅದರಲ್ಲಿ ಮೊದಲನೆಯದು, ಸಿಎಸ್ಎಕ್ಸ್ 2287, ರೇಸಿನಿಂದ ನಿವೃತ್ತಿಯಾದ ಮೇಲೆ ದಶಕಗಳ ಕಾಲ ಒಂದು ಗೋದಾಮಿನಲ್ಲಿ ಕಣ್ಮರೆಯಾಗಿತ್ತು. ಕೊನೆಗೆ ಅದು ಸೇರಿದ್ದು ಫಿಲಡೆಲ್ಫಿಯಾದ ಸಿಮಿಯೋನಿ ಮ್ಯೂಸಿಯಮ್ಮಿಗೆ. ಆ ಮ್ಯೂಸಿಯಮ್ಮನ್ನು ಕಟ್ಟಿದ ಫ್ರೆಡ್ ಸಿಮಿಯೋನಿ ಮೆದುಳಿನ ಶಸ್ತ್ರವೈದ್ಯರಾಗಿದ್ದರು. ಹಳೇ ಮೈಯನ್ನು ಕೆರೆದು ಹೊಸ ಬಣ್ಣ ಹೊಡೆಸುವ ಕೆಲಸಕ್ಕೆ ಅವರು ಹೋಗಲಿಲ್ಲ, ಓಡಿದ ಕಾರನ್ನು ಓಡಿದ ಹಾಗೇ ಉಳಿಸಿದರು. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಮೊಟ್ಟಮೊದಲು ಸೇರಿದ ಕಾರು ಅದೇ. ಚಾರಿತ್ರಿಕ ಕಟ್ಟಡಗಳ ಅಳತೆ ತೆಗೆದು ದಾಖಲಿಸುವಂತೆ ಆ ಕಾರನ್ನೂ ಅಳೆದು ದಾಖಲಿಸಿ ಆ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇಟ್ಟಿದ್ದಾರೆ.

ಇದಕ್ಕಿಂತ ದೂರ ಹೋದವರೂ ಉಂಟು. ಮಜೋರೆ ಸರೋವರದ ಸ್ವಿಟ್ಜರ್ಲೆಂಡ್ ಬದಿಯ ತಳದಲ್ಲಿ 70 ವರ್ಷಕ್ಕೂ ಹೆಚ್ಚು ಕಾಲ ಬಿದ್ದಿದ್ದ 1925ರ ಬುಗಾಟಿ ಬ್ರೆಷಿಯಾ ಕಾರನ್ನು 2009ರ ಜುಲೈನಲ್ಲಿ ಮೇಲಕ್ಕೆತ್ತಿದರು. ಒಂದು ಪಕ್ಕ ಬಹುಪಾಲು ಕರಗಿಹೋಗಿತ್ತು. ಮುಂದಿನ ವರ್ಷ ಹರಾಜಿನಲ್ಲಿ ಅದು 2,60,500 ಯೂರೋಗೆ ಹೋಯಿತು. ಕೊಂಡವರು ದುರಸ್ತಿ ಮಾಡಿಸದೆ, ನೀರಿನಿಂದ ಬಂದ ಹಾಗೇ ಮ್ಯೂಸಿಯಮ್ಮಿನಲ್ಲಿ ಇಟ್ಟರು. ಎಲ್ಲ ಕಾರನ್ನೂ ಹೀಗೆ ಇಡಿ ಎಂದು ನಾನು ಹೇಳುವುದಿಲ್ಲ. ಡಾಲ್ಫಿನ್ ಓಡಬೇಕು, ಅದರ ಎಂಜಿನ್ನಿನ ಸದ್ದು ಮತ್ತೆ ಕೇಳಬೇಕು ಎಂದೇ ನನ್ನ ಆಸೆ. ಆದರೆ ಹೊಳಪಿಗೆ ಬೆಲೆ ಕಡಿಮೆ, ಉಳಿದ ಹಳೆಯದಕ್ಕೆ ಬೆಲೆ ಹೆಚ್ಚು ಎಂದು ಮಾಲೀಕರಿಗೆ ಧೈರ್ಯವಾಗಿ ಹೇಳಲು ನಿಮಗೆ ಈ ಎರಡು ಉದಾಹರಣೆ ಸಾಕು.

ಈಗ ಕೆಲಸದ ಮಾತಿಗೆ ಬರುತ್ತೇನೆ. ಇದರಲ್ಲಿ ಎಷ್ಟೋ ನಿಮಗೆ ಗೊತ್ತಿರುವುದೇ. ಗೊತ್ತಿದ್ದದ್ದನ್ನೂ ಒಂದು ಕಡೆ ಕೂಡಿಸಿ ಹೇಳಿದರೆ ಕಲಿಯುವ ಹುಡುಗರಿಗೆ ಉಪಯೋಗ.

ಕಾರು ಬಂದ ದಿನ ಸ್ಪ್ಯಾನರ್ ಮುಟ್ಟಬೇಡಿ. ಕಾಯಿ ಅಟ್ಟಕ್ಕೆ ಹಾಕಿದ ನಾವು ಕೊಬ್ಬರಿ ಆಗಲು ತಿಂಗಳುಗಟ್ಟಲೆ ಕಾಯುತ್ತೇವೆ, ಒಳಗೆ ಗಿಟುಕು ಬಿಟ್ಟು ಅಲುಗುವ ಮುಂಚೆ ಒಡೆದರೆ ಕೆಟ್ಟಿತು ಎಂದು ನಮಗೆ ಗೊತ್ತು. ಅಷ್ಟೇ ತಾಳ್ಮೆ ಇಲ್ಲಿ ಬೇಕು. ಮೊದಲು ದೂಳೂ ಒರೆಸದೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸುತ್ತಲೂ, ಒಳಗೆ, ಕೆಳಗೆ, ಬಾನೆಟ್ ಎತ್ತಿ, ಡಿಕ್ಕಿ ತೆರೆದು. ಪಕ್ಕದಲ್ಲಿ ಅಳತೆಯ ಟೇಪು ಇಟ್ಟು ತೆಗೆದರೆ ಮುಂದೆ ಗಾತ್ರ ಲೆಕ್ಕ ಹಾಕಬಹುದು. ಚಾಸಿ ನಂಬರು, ಎಂಜಿನ್ ನಂಬರು ಬರೆದುಕೊಳ್ಳಿ. ತುಕ್ಕು ಹಿಡಿದ ನಂಬರಿನ ಮೇಲೆ ಗ್ರೈಂಡರ್ ಹಿಡಿಯಬೇಡಿ. ಒಂದು ನೋಟ್‌ಬುಕ್ ಆ ಕಾರಿಗೆಂದೇ ಇಡಿ. ತಾರೀಕು, ಬಿಚ್ಚಿದ್ದು, ಕಂಡದ್ದು, ಮಾಡಿದ್ದು, ಮಾಡಿದವರ ಹೆಸರು, ಐದೇ ಕಲಮು ಸಾಕು.

ಬಿಚ್ಚಿದ ನಟ್ಟು, ಬೋಲ್ಟು, ವಾಷರುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಯಾವ ಜಾಗದ್ದು ಎಂದು ಚೀಟಿ ಬರೆದು ಬೇರೆ ಬೇರೆ ಕವರಿನಲ್ಲಿ ಹಾಕಿ. ರೇಸಿಗೆ ತಯಾರು ಮಾಡಿದವರು ತೂಕ ಇಳಿಸಲು ಬ್ರಾಕೆಟ್ಟಿನಲ್ಲಿ ತೂತು ಕೊರೆಯುತ್ತಿದ್ದರು, ಬೋಲ್ಟಿನ ತಲೆಗೆ ರಂಧ್ರ ಮಾಡಿ ತಂತಿ ಕಟ್ಟುತ್ತಿದ್ದರು. ಅಂಥ ಬೋಲ್ಟು ಸವೆದಿದ್ದರೂ ಗುಜರಿಗೆ ಹಾಕಬೇಡಿ. ಹೊಸದು ಹಾಕಿ, ಹಳೆಯದನ್ನು ಚೀಟಿಯ ಸಮೇತ ಮಾಲೀಕರಿಗೆ ಕೊಡಿ.

ಬಾಡಿ ಫೈಬರಿನದಾದರೆ ಹೊಸ ಹುಡುಗರ ಕೈಗೆ ಕೊಡುವ ಮುಂಚೆ ಎಚ್ಚರಿಕೆ ಹೇಳಿ. ತಗಡಿನ ಬಣ್ಣ ತೆಗೆಯುವ ಕೆಮಿಕಲ್ ಫೈಬರಿನ ಮೇಲ್ಪದರವನ್ನೂ ತಿನ್ನುತ್ತದೆ. ಬಿಸಿಗಾಳಿಯ ಗನ್ ಹಿಡಿದರೆ ಉಬ್ಬುತ್ತದೆ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಅಂಗೈ ಅಗಲದ ಜಾಗವನ್ನು ವಾಟರ್ ಪೇಪರಿನಿಂದ ನಿಧಾನವಾಗಿ ಇಳಿಜಾರಾಗಿ ತಿಕ್ಕಿ. ಆಗ ಬಣ್ಣದ ಪದರಗಳು ಒಂದರ ಸುತ್ತ ಒಂದು ಉಂಗುರದ ಹಾಗೆ ಕಾಣುತ್ತವೆ. ಕೆಳಗಿನದು ಕಾರ್ಖಾನೆಯ ಬಣ್ಣ, ಮೇಲಿನವು ರೇಸಿನ ಕಾಲದವು, ಎಲ್ಲಕ್ಕೂ ಮೇಲಿನದು ಆಮೇಲೆ ಕೊಂಡವರದು. ಯಾವ ಕಾಲಕ್ಕೆ ನಿಲ್ಲಬೇಕು ಎಂದು ಮಾಲೀಕರೊಂದಿಗೆ ಕೂತು ತೀರ್ಮಾನಿಸಲು ಇದೇ ಆಧಾರ. ಆ ಅಂಗೈ ಅಗಲದ ಜಾಗವನ್ನು ಕೊನೆಗೂ ಮುಚ್ಚಬೇಡಿ. ಬಿರುಕನ್ನು ಸರಿಮಾಡುವಾಗ ಒಳಮೈಯಿಂದ ಮ್ಯಾಟು, ರೆಸಿನ್ನು ಹಾಕಿ, ಹೊರಮೈಯನ್ನು ಆದಷ್ಟು ಉಳಿಸಿ. ರೇಸಿನಲ್ಲೇ ಹಾಕಿದ ಹಳೇ ತೇಪೆ ಗಟ್ಟಿಯಾಗಿದ್ದರೆ ಅದನ್ನು ಕಿತ್ತು ನುಣುಪು ಮಾಡಲು ಹೋಗಬೇಡಿ. ಅದು ಯಾವುದೋ ರಾತ್ರಿ ನಿದ್ದೆಗೆಟ್ಟು ನಿಮ್ಮಂಥವರೇ ಒಬ್ಬರು ಮಾಡಿದ ಕೆಲಸ.

ಫೈಬರಿಗೆ ತುಕ್ಕಿಲ್ಲ, ಚಾಸಿಗೆ ಉಂಟು. ಹೊರಗಿನ ಮೈ ನೋಡಿ ಮೋಸ ಹೋಗದೆ ಚಾಸಿಯನ್ನು ಸುತ್ತಿಗೆಯ ಹಿಂಬದಿಯಿಂದ ತಟ್ಟುತ್ತ ಹೋಗಿ. ಕೊಳೆತಷ್ಟನ್ನೇ ಕತ್ತರಿಸಿ ಅಷ್ಟೇ ದಪ್ಪದ ತಗಡು ಕೂಡಿಸಿ. ಇಡೀ ಉದ್ದಕ್ಕೆ ಹೊಸ ಚಾನೆಲ್ ಹಾಕುವುದು ಸುಲಭ, ಆದರೆ ಅಲ್ಲಿಗೆ ಕಾರೇ ಬೇರೆಯಾಗುತ್ತದೆ.

ಎಂಜಿನ್ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ತೊಂದರೆ ಇದೆ, ಬೋರ್‌ವೆಲ್ ನೀರು. ಇಲ್ಲಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬಿದರೆ ಲಾರಿಯ ಎರಕದ ಕಬ್ಬಿಣದ ಎಂಜಿನ್ನು ಹೇಗೋ ತಡೆದುಕೊಳ್ಳುತ್ತದೆ. ರಿಲಯಂಟ್ ಎಂಜಿನ್ನಿನ ಬ್ಲಾಕು ಅಲ್ಯೂಮಿನಿಯಂ, ಒಳಗಿನ ಲೈನರುಗಳು ಎರಕದ ಕಬ್ಬಿಣ, ನೀರು ಎರಡನ್ನೂ ನೇರವಾಗಿ ಮುಟ್ಟುತ್ತದೆ. ಎರಡು ಲೋಹ ಒಟ್ಟಿಗಿರುವ ಕಡೆ ಉಪ್ಪಿನ ನೀರು ನಿಂತರೆ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಸರಿಯಾದ ಕೂಲಂಟ್ ಮಾತ್ರ ಹಾಕಿ. ಹಳೇ ಬ್ಲಾಕು ಕೆಟ್ಟರೆ ಅಂಗಡಿಯಲ್ಲಿ ಹೊಸದು ಸಿಗುವ ಕಾಲ ಯಾವಾಗಲೋ ಮುಗಿದಿದೆ.

ಇನ್ನೊಂದು ತೊಂದರೆ ಪೆಟ್ರೋಲಿನದು. ಸೀಸ ಬೆರೆಸಿದ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲೇ ನಿಂತಿತು, ಈಗ ಬಂಕಿನಲ್ಲಿ ಬರುತ್ತಿರುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತದ್ದು. ಹಳೇ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರಿನ ಸೀಲುಗಳನ್ನು ಈ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟು ಮಾಡಿಲ್ಲ. ಅವು ಉಬ್ಬಿ, ಬಿರಿದು, ಸೋರುತ್ತವೆ. ಎಥನಾಲ್ ತೇವ ಎಳೆದುಕೊಳ್ಳುವುದರಿಂದ ನಿಂತ ಟ್ಯಾಂಕಿಗೆ ಒಳಗಿನಿಂದ ತುಕ್ಕು ಬರುತ್ತದೆ. ಪೆಟ್ರೋಲ್ ಹಾಯುವ ಪೈಪು, ಸೀಲುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಕಾರು ಬಹುದಿನ ನಿಲ್ಲುವುದಿದ್ದರೆ ಟ್ಯಾಂಕ್ ಖಾಲಿ ಮಾಡಿಸಿ. ಬ್ರೇಕಿನ ಹೋಸು, ಟೈರು, ಸೀಟ್ ಬೆಲ್ಟು, ಸ್ಟೀರಿಂಗಿನ ಜಾಯಿಂಟು, ಇವುಗಳಲ್ಲೂ ಹಳೆಯದು ಎಂಬ ಮಮತೆ ಬೇಡ. ಕಾರಿನ ಚರಿತ್ರೆಗಿಂತ ಓಡಿಸುವವರ ಜೀವ ದೊಡ್ಡದು. ಹೊಸದು ಹಾಕಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ, ಹಳೆಯದನ್ನು ಎತ್ತಿಡಿ.

ಕುಶನ್ ಕೆಲಸದವರಿಗೆ ಒಂದು ಮಾತು. ಹಳೇ ಕಾರುಗಳ ಸೀಟಿನ ಒಳಗೆ ಇಂದಿನ ಫೋಮ್ ಇರಲಿಲ್ಲ. ಎಷ್ಟೋ ಕಾರುಗಳಲ್ಲಿ ಇದ್ದದ್ದು ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಅಚ್ಚಿನಲ್ಲಿ ಒತ್ತಿದ ದಿಂಬು. ಜರ್ಮನಿಯ ಹಳೇ ಬೀಟಲ್ ಕಾರಿನ ಸೀಟಿನಲ್ಲೂ ನಾರು ಇರುತ್ತಿತ್ತು. ಇಂದು ಅಂಥ ಸೀಟು ಸರಿಮಾಡುವವರು ನಾರಿನ ದಿಂಬಿಗಾಗಿ ಹುಡುಕುತ್ತಾರೆ. ನಮ್ಮ ಸೀಮೆಯಲ್ಲಿ ತೆಂಗಿನ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ, ನಾರು ತೆಗೆಯುವ ಘಟಕಗಳು ಇಲ್ಲೇ ಇವೆ. ಹಳೇ ಸೀಟು ಬಿಚ್ಚಿದಾಗ ಒಳಗೆ ನಾರು ಕಂಡರೆ ಕಿತ್ತೆಸೆದು ಫೋಮ್ ತುಂಬಬೇಡಿ. ಅದರ ದಪ್ಪ, ಪದರ, ಹೊಲಿಗೆ ಬರೆದುಕೊಳ್ಳಿ, ನಾರಿನಿಂದಲೇ ಮಾಡಿ ನೋಡಿ. ಈ ವಿದ್ಯೆ ಚೆನ್ನಾಗಿ ಕೂತರೆ ಬೆಂಗಳೂರಿನ ಹಳೇ ಕಾರಿನವರು ಸೀಟು ಹೊತ್ತು ನಿಮ್ಮಲ್ಲಿಗೆ ಬರುತ್ತಾರೆ ಎನ್ನುವುದು ನನ್ನ ನಂಬಿಕೆ.

ಇಷ್ಟೆಲ್ಲ ಮಾಡಲು ಸಮಯ ಬೇಕು, ಸಮಯಕ್ಕೆ ಕೂಲಿ ಬೇಕು. ಫೋಟೊ ತೆಗೆದದ್ದು, ಬರೆದದ್ದು, ಚೀಟಿ ಅಂಟಿಸಿದ್ದು ಕೂಡ ಕೆಲಸವೇ. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆದು ಕೇಳಿ, ಸಂಕೋಚ ಬೇಡ. ಕಾರು ಮಾರುವ ದಿನ ಮಾಲೀಕರ ಕೈಯಲ್ಲಿ ಆ ನೋಟ್‌ಬುಕ್ ಇದ್ದರೆ ಅವರು ಕೊಟ್ಟ ಕೂಲಿಯ ಎಷ್ಟೋ ಪಟ್ಟು ಅವರಿಗೇ ಮರಳುತ್ತದೆ.

ಇದನ್ನು ಈಗಲೇ ಯಾಕೆ ಬರೆಯುತ್ತಿದ್ದೇನೆ ಎನ್ನುವುದಕ್ಕೆ ಕಾನೂನಿನ ಕಾರಣವಿದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಮಾಡದೆ ಮೂಲ ರೂಪದಲ್ಲಿ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಎ ಅಕ್ಷರದ ಬೇರೆ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ, ನವೀಕರಣಕ್ಕೆ 5,000 ರೂಪಾಯಿ. ಒಳ್ಳೆಯ ನಿಯಮ. ಆದರೆ ಲೆಕ್ಕ ಹಾಕಿ ನೋಡಿ. 1982ರ ಮೊದಲ ಡಾಲ್ಫಿನ್‌ಗೆ 50 ತುಂಬುವುದು 2032ರಲ್ಲಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 30 ವರ್ಷವಾದರೆ ಸಾಕು ಎನ್ನುತ್ತದೆ, ಆ ಲೆಕ್ಕದಲ್ಲಿ ಡಾಲ್ಫಿನ್ ಈಗಾಗಲೇ ಚಾರಿತ್ರಿಕ. ನಮ್ಮ ಕಾನೂನಿನ ಕಣ್ಣಿಗೆ ಮಾತ್ರ ಇನ್ನೂ ಅದು ಹಳೇ ಗಾಡಿ. ಅದೇ 2021ರಿಂದ ಗುಜರಿ ನೀತಿಯೂ ಬಂದಿದೆ. ಹಳೇ ಗಾಡಿ ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲಾದರೆ ಗುಜರಿಯ ದಾರಿ ಹಿಡಿಯಬೇಕಾಗಬಹುದು. ಒಂದೇ ಸೀಟಿನ ಫಾರ್ಮುಲಾ ಕಾರುಗಳು ರಸ್ತೆಗಿಳಿದವೇ ಅಲ್ಲ, ಅವಕ್ಕೆ ಆರ್‌ಸಿ ಬುಕ್ಕೂ ಇಲ್ಲ, ಕೇಳುವವರೂ ಇಲ್ಲ.

ಅಂದರೆ 2032ರ ತನಕ ಈ ಕಾರುಗಳನ್ನು ಕಾಯಲು ಕಾನೂನಿಲ್ಲ, ಕಂಪನಿಯಿಲ್ಲ. ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರ್ ಮ್ಯೂಸಿಯಮ್ಮಿನಲ್ಲಿ ಹಳೇ ಕಾರುಗಳನ್ನು ಪ್ರೀತಿಯಿಂದ ಇಟ್ಟಿದ್ದಾರೆ. ಹುಡುಗರನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಆದರೆ ಎಲ್ಲ ಕಾರೂ ಮ್ಯೂಸಿಯಮ್ ಸೇರುವುದಿಲ್ಲ. ಮಿಕ್ಕವು ಉಳಿಯುವುದು, ಅಳಿಯುವುದು ನಿಮ್ಮ ಶೆಡ್ಡಿನಲ್ಲಿ ತೀರ್ಮಾನವಾಗುತ್ತದೆ. 50 ತುಂಬಿದ ದಿನ ಮೂಲ ರೂಪ ಯಾವುದು, ರೇಸಿನ ಕಾಲದ ಬದಲಾವಣೆ ಯಾವುದು ಎಂದು ಅಧಿಕಾರಿಗಳು ಕೇಳಿದರೆ ಮಾಲೀಕರು ತೋರಿಸುವುದು ನೀವು ಇಂದು ಬರೆದ ಪುಟವನ್ನೇ.

ಕಲಿಯುವ ಹುಡುಗರೇ, ನಿಮಗೂ ಒಂದು ಮಾತು. ಮೇಲೆ ಹೇಳಿದ ಬೆಂಟ್ಲಿ ಕಾರಿನ ಕೆಲಸದಲ್ಲಿ ವಾಲ್ಟರ್ ಹ್ಯಾಸನ್ ಎಂಬ ಮೆಕ್ಯಾನಿಕ್ ಇದ್ದ. 1920ರಲ್ಲಿ ಹದಿನೈದರ ವಯಸ್ಸಿನಲ್ಲಿ ಬೆಂಟ್ಲಿ ಶೆಡ್ಡಿಗೆ ಚಾಕರಿಯ ಹುಡುಗನಾಗಿ ಸೇರಿದವನು. ಮುಂದೆ ಬಾರ್ನಾಟೊಗೆ ರೇಸ್ ಕಾರು ಕಟ್ಟಿಕೊಟ್ಟ, ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಗೆ ರೇಸ್ ಎಂಜಿನ್ನು ಮಾಡಿದ, ಜಾಗ್ವಾರಿನ ವಿ12 ಎಂಜಿನ್ನಿನ ಹಿಂದಿದ್ದವರಲ್ಲಿ ಒಬ್ಬನಾದ. ಅವನ ಹೆಸರು ನಮಗೆ ಗೊತ್ತಿರುವುದು ಯಾರೋ ಬರೆದಿಟ್ಟದ್ದರಿಂದ. ಶೋಳಾವರಂನಲ್ಲಿ ಓಡಿದ ಡಾಲ್ಫಿನ್‌ಗಳನ್ನು ರಾತ್ರಿಯೆಲ್ಲ ಕೂತು ತಯಾರು ಮಾಡಿದ ನಮ್ಮ ಮೇಸ್ತ್ರಿಗಳ ಹೆಸರನ್ನು ಬರೆದಿಟ್ಟವರು ಕಡಿಮೆ. ಆ ಹಿರಿಯರಲ್ಲಿ ಬದುಕಿರುವವರನ್ನು ಬಲ್ಲವರು ನಿಮ್ಮಲ್ಲಿ ಇರಬಹುದು. ಹೋಗಿ ಕೇಳಿ, ಮೊಬೈಲಿನಲ್ಲಿ ಅವರ ಮಾತು ಹಿಡಿದಿಡಿ, ಯಾವ ಜೆಟ್ ಹಾಕುತ್ತಿದ್ದರು, ಯಾವ ಸ್ಪ್ರಿಂಗ್ ಕತ್ತರಿಸುತ್ತಿದ್ದರು ಎಂದು ಬರೆದುಕೊಳ್ಳಿ. ಕಾರಿನ ಮೂಲ ಸ್ಥಿತಿ ಎನ್ನುವುದರಲ್ಲಿ ಅವರ ಕೈಕೆಲಸವೂ ಸೇರಿದೆ.

ಕೊನೆಗೆ ನನ್ನ ಕೋರಿಕೆ ಮೂರು. ಹಳೇ ರೇಸ್ ಕಾರೋ ರ್‍ಯಾಲಿ ಕಾರೋ ಗುಜರಿಗೆ ಹೊರಟದ್ದು ಕಂಡರೆ, ತೂಕದ ಬೆಲೆಗೆ ಕತ್ತರಿಸುವ ಮುಂಚೆ ಒಂದು ದಿನ ತಡೆಯಿರಿ, ಹಳೇ ಕಾರಿನ ಕ್ಲಬ್ಬಿನವರಿಗೋ ಕಾಳಜಿ ಇರುವವರಿಗೋ ಒಂದು ಮಾತು ಮುಟ್ಟಿಸಿ. ಅಂಥ ಕಾರು ಕೆಲಸಕ್ಕೆ ಬಂದರೆ ನೋಟ್‌ಬುಕ್ ತೆರೆದ ಮೇಲೆಯೇ ಸ್ಪ್ಯಾನರ್ ಎತ್ತಿ. ಕೆಲಸ ಮುಗಿದ ಮೇಲೆ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರ ಹೆಸರು, ಊರು ಬರೆದು, ಹುಡುಗರದ್ದೂ ಸೇರಿಸಿ, ಸಹಿ ಹಾಕಿಸಿ, ಒಂದು ಪ್ರತಿಯನ್ನು ನೀವೇ ಇಟ್ಟುಕೊಳ್ಳಿ.

ಗೌರವದಿಂದ, ನಿಮ್ಮ ಕೈಗಳ ಮೇಲಿನ ನಂಬಿಕೆಯಿಂದ,

ಇಂತಿ ನಿಮ್ಮವ,
ಹುಳಿಯಾರಿನ ಒಬ್ಬ ನಿವಾಸಿ